ತಂತಿ ಎಳೆಯಿರಿ, ತಂಗಿಯನ್ನು ಬೈಯಬೇಡಿ



ಈ ಸಲ ನಾವು ಜಗಳಕ್ಕೆ ನಿಂತಿದ್ದೇವೆ. ಯಾರೊಂದಿಗೆ ಅಂತ ಕೇಳಿದರೆ, ಮೊದಲು ನಮ್ಮೊಂದಿಗೇ. ತಪ್ಪು ಸಲಹೆ ಕೊಟ್ಟು ಒಂದು ಮನೆಯವರ ದುಡ್ಡು ಹಾಳು ಮಾಡಿಸಿದವರಲ್ಲಿ ನಾವೂ ಇದ್ದೇವೆ.

ವಿಷಯ ಹೀಗಿದೆ. ನಮ್ಮ ಘಟಕದ ಹುಡುಗನೊಬ್ಬನ ಮನೆಯ ಮಾಳಿಗೆಯಲ್ಲಿ ಒಂದು ಒಳ್ಳೆಯ ಕಂಪ್ಯೂಟರ್ ಇದೆ. ಗಲ್ಫಿನಿಂದ ರಜೆಗೆ ಬಂದ ಮಾಮ ಅವನಿಗೆ ಸ್ಟೀಮ್ ಡೆಕ್ ತಂದುಕೊಟ್ಟರು. ಕೈಯಲ್ಲಿ ಹಿಡಿದು ಆಡುವ ಸಾಧನ ಅದು. ದೊಡ್ಡ ಆಟ ಮಾಳಿಗೆಯ ಕಂಪ್ಯೂಟರಿನಲ್ಲಿ ಓಡಬೇಕು, ಚಿತ್ರ ಮಾತ್ರ ವೈಫೈ ಮೂಲಕ ಕೆಳಗಿನ ಚಾವಡಿಗೆ ಬರಬೇಕು, ತಾನು ಅಜ್ಜಿಯ ಹತ್ತಿರ ಕೂತು ಆಡಬೇಕು ಎಂದು ಅವನ ಆಸೆ. ಆಸೆಯಲ್ಲಿ ತಪ್ಪಿಲ್ಲ. ಆದರೆ ಬಂದ ಚಿತ್ರ ನೋಡಬೇಕಿತ್ತು ನೀವು! ಹುಲ್ಲುಗಾವಲೆಲ್ಲ ಹಸಿರು ಗಂಜಿ. ಓಡುವ ಕುದುರೆ ಚೌಕ ಚೌಕ. ಅಕ್ಷರಗಳಿಗೆ ಮಳೆನೀರು ತಾಗಿದ ಹಾಗೆ.

ಅವನು ನಮ್ಮ ಹತ್ತಿರ ಕೇಳಿದ. ನಾವು ದೊಡ್ಡ ತಜ್ಞರಂತೆ ಹೇಳಿದೆವು: "ನಿಮ್ಮ ನೆಟ್ ಪ್ಲಾನ್ ಸಣ್ಣದಾಯಿತು, ದೊಡ್ಡದು ಹಾಕಿಸು." ರಬ್ಬರ್ ಟ್ಯಾಪಿಂಗ್ ಮಾಡಿ ಮನೆ ನಡೆಸುವ ಅವನ ಅಪ್ಪ ತಿಂಗಳ ಖರ್ಚು ಹೆಚ್ಚಿಸಿ ದೊಡ್ಡ ಪ್ಲಾನ್ ಹಾಕಿಸಿದರು. ಚಿತ್ರ ಇದ್ದ ಹಾಗೇ ಇತ್ತು. ಆಮೇಲೆ ಪೇಟೆಯ ಅಂಗಡಿಯವರೊಬ್ಬರು, "ಗೇಮಿಂಗ್ ರೂಟರ್ ಬೇಕು" ಅಂದರು. ಅದೂ ಬಂತು, ನಾಲ್ಕು ಕೋಡುಗಳ ಜೊತೆಗೆ. ಸ್ವಲ್ಪ ಸುಧಾರಿಸಿತು, ಸಂಜೆಯಾದರೆ ಮತ್ತದೇ ರಾಗ. ಕೊನೆಗೆ ಮನೆಯಲ್ಲಿ ಒಂದು ಹೊಸ ಕಾನೂನು ಬಂತು: ಸಂಜೆ ಏಳರಿಂದ ಒಂಬತ್ತರವರೆಗೆ ತಂಗಿ ವೈಫೈ ಮುಟ್ಟಬಾರದು.

ತಂಗಿ ಹತ್ತನೇ ತರಗತಿ. ಕನ್ನಡ ಮಾಧ್ಯಮ. ಅವಳ ಪಾಠದ ವಿಡಿಯೋ ನೋಡುವ ಹೊತ್ತೂ ಅದೇ.

ಇದನ್ನು ಕೇಳಿದ ದಿನ ನಮಗೆ ನಾಚಿಕೆಯಾಯಿತು. ಅದಕ್ಕೇ ಈ ಬರಹ. ನಮ್ಮ ವಾದ ಇಷ್ಟೇ: ಮನೆಯೊಳಗೆ ಕಂಪ್ಯೂಟರಿನಿಂದ ಕೈಸಾಧನಕ್ಕೆ ಬರುವ ಆಟದ ಚಿತ್ರ ಕೆಡುವುದು ಹೆಚ್ಚಿನ ಸಲ ದುಡ್ಡಿನ ಕೊರತೆಯಿಂದಲ್ಲ, ತಿಳುವಳಿಕೆಯ ಕೊರತೆಯಿಂದ. ತಿಳುವಳಿಕೆ ಇಲ್ಲದ ಕಡೆ ತಪ್ಪು ಯಾವಾಗಲೂ ಮನೆಯಲ್ಲಿ ಬಾಯಿ ಸಣ್ಣದಿರುವವರ ತಲೆಗೇ ಬೀಳುತ್ತದೆ.

ನೆಟ್ ಪ್ಲಾನಿಗೆ ಇದರಲ್ಲಿ ಪಾಲೇ ಇಲ್ಲ

ಮೊದಲು ನಮ್ಮ ತಪ್ಪನ್ನೇ ತಿದ್ದೋಣ. ಮಾಳಿಗೆಯ ಕಂಪ್ಯೂಟರಿನಿಂದ ಚಾವಡಿಯ ಸ್ಟೀಮ್ ಡೆಕ್ಕಿಗೆ ಬರುವ ಚಿತ್ರ ಮನೆಯ ಹೊಸ್ತಿಲು ದಾಟುವುದಿಲ್ಲ. ಕಂಪ್ಯೂಟರಿನಿಂದ ರೂಟರಿಗೆ, ರೂಟರಿನಿಂದ ಕೈಸಾಧನಕ್ಕೆ, ಅಷ್ಟೇ ದಾರಿ. ಹೊರಗಿನ ಫೈಬರ್ ಕಡಿದು ಬಿದ್ದರೂ ಮನೆಯೊಳಗಿನ ಈ ದಾರಿ ಹಾಗೇ ಇರುತ್ತದೆ. ಅಡುಗೆಮನೆಯಿಂದ ಚಾವಡಿಗೆ ಊಟ ತರಲು ಊರ ರಸ್ತೆ ಅಗಲ ಮಾಡಬೇಕೇ? ನಾವು ಆ ಅಪ್ಪನಿಂದ ಮಾಡಿಸಿದ್ದು ಅದನ್ನೇ.

ಮನೆಯಿಂದ ಹೊರಗೆ, ಹಾಸ್ಟೆಲಿನಲ್ಲೋ ಬಸ್ಸಿನಲ್ಲೋ ಕೂತು ಮನೆಯ ಕಂಪ್ಯೂಟರಿನ ಆಟ ಆಡುವುದಾದರೆ ಮಾತು ಬೇರೆ. ಆಗ ಮನೆಯ ಅಪ್‌ಲೋಡ್ ವೇಗ ಮುಖ್ಯ. ಲೆಕ್ಕವನ್ನೂ ಕೇಳಿಕೊಳ್ಳಿ: ಸೆಕೆಂಡಿಗೆ 20 ಮೆಗಾಬಿಟ್‌ನಂತೆ ಒಂದು ಗಂಟೆ ಆಡಿದರೆ 9 ಜಿಬಿ ಖಾಲಿ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಮೊಬೈಲ್ ಪ್ಯಾಕ್ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಬಸ್ಸಿನಲ್ಲಿ ಆಡುವ ಕನಸು ಕಾಣುವವರು ಮೊದಲು ಈ ಗುಣಾಕಾರ ಮಾಡಿ.

ಗಾಳಿ ಎಲ್ಲರದ್ದೂ ಒಂದೇ

ಹಾಗಾದರೆ ಚಿತ್ರ ಎಲ್ಲಿ ಕೆಡುತ್ತದೆ? ಹೆಚ್ಚಿನ ಮನೆಗಳಲ್ಲಿ, ಗಾಳಿಯಲ್ಲಿ.

ಸ್ಟೀಮ್ ಡೆಕ್ಕಿನ ಪರದೆ 1280×800. ಒಂದು ಚಿತ್ರದಲ್ಲಿ 10,24,000 ಚುಕ್ಕೆಗಳು. ಸೆಕೆಂಡಿಗೆ 60 ಚಿತ್ರ, ಪ್ರತಿ ಚುಕ್ಕೆಗೆ 24 ಬಿಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 147 ಕೋಟಿ ಬಿಟ್. ಇಷ್ಟನ್ನೂ ಹಾಗೇ ಕಳಿಸಲು ನಮ್ಮ ವೈಫೈಗೆ ಆಗದು. ಆದ್ದರಿಂದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಪ್ರತಿ ಚಿತ್ರವನ್ನೂ ಹಿಂಡಿ ಎಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಸುಮಾರು 20 ಎಂಬಿಪಿಎಸ್ ಮಾಡಿ ಕಳಿಸುತ್ತದೆ. ಕೈಸಾಧನ ಅದನ್ನು ಬಿಡಿಸಿ ತೋರಿಸುತ್ತದೆ. 60 ಚಿತ್ರ ಎಂದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ತಡವಾಗಿ ಬಂದ ಚಿತ್ರ ಬಾರದ ಚಿತ್ರಕ್ಕೆ ಸಮ.

ಇಲ್ಲಿಯೇ ಆಟಕ್ಕೂ ಪಾಠದ ವಿಡಿಯೋಗೂ ಇರುವ ವ್ಯತ್ಯಾಸ ತಿಳಿಯಬೇಕು. ಪಾಠದ ವಿಡಿಯೋ ಮುಂದಿನ ಅರ್ಧ ನಿಮಿಷದ್ದನ್ನು ಮೊದಲೇ ತಂದು ಇಟ್ಟುಕೊಳ್ಳುತ್ತದೆ. ನಡುವೆ ಸಿಗ್ನಲ್ ತಡವರಿಸಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಆಟಕ್ಕೆ ಆ ಸೌಕರ್ಯ ಇಲ್ಲ. ನೀವು ಮುಂದೆ ಒತ್ತುವ ಗುಂಡಿ ಯಾವುದೆಂದು ಯಾರಿಗೆ ಗೊತ್ತು? ಆದ್ದರಿಂದ ಆಟಕ್ಕೆ ಬೇಕಾದದ್ದು ಭಾರೀ ವೇಗವಲ್ಲ, ಎಡೆಬಿಡದ ಒಂದೇ ಸಮನಾದ ಹರಿವು.

ಈಗ ಆ ಮನೆಯ ಲೆಕ್ಕ. ಮಾಳಿಗೆಯ ಕಂಪ್ಯೂಟರಿಗೂ ವೈಫೈ, ಕೆಳಗಿನ ಸ್ಟೀಮ್ ಡೆಕ್ಕಿಗೂ ವೈಫೈ. ಒಂದೇ ಚಿತ್ರ ಒಮ್ಮೆ ಗಾಳಿಯಲ್ಲಿ ಕೆಳಗಿಳಿದು ರೂಟರಿಗೆ ಬಂತು, ಮತ್ತೊಮ್ಮೆ ಅದೇ ಗಾಳಿಯಲ್ಲಿ ಸಾಧನಕ್ಕೆ ಹೋಯಿತು. ಒಂದು ಚಾನೆಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಅಂದರೆ 20 ಎಂಬಿಪಿಎಸ್ ಆಟ ಹಿಡಿಯುವ ಜಾಗ 40ರಷ್ಟು. ಸಾಧಾರಣ ಗುಣಮಟ್ಟದ ಪಾಠದ ವಿಡಿಯೋಗೆ ಒಂದೆರಡು ಎಂಬಿಪಿಎಸ್ ಸಾಕು.

ಗಾಳಿಯಲ್ಲಿ ನಲವತ್ತು ಪಾಲು ಹಿಡಿದವನು ಅಣ್ಣ. ಎರಡು ಪಾಲು ಹಿಡಿದವಳು ತಂಗಿ. ಬೈಗುಳ ತಿಂದವಳು ಯಾರು?

ಇದಕ್ಕೆ ಮದ್ದು ಒಂದು ಲ್ಯಾನ್ ಕೇಬಲ್. ಕಂಪ್ಯೂಟರಿನಿಂದ ರೂಟರಿಗೆ ತಂತಿ ಎಳೆದರೆ ಚಿತ್ರ ಗಾಳಿಯಲ್ಲಿ ಒಂದೇ ಸಲ ಹೋಗುತ್ತದೆ, ಅರ್ಧ ಭಾರ ಅಲ್ಲಿಗೇ ಇಳಿಯಿತು. ಸಾಮಾನ್ಯ ಕ್ಯಾಟ್ 5ಇ ತಂತಿ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸಬಲ್ಲದು. ನಿಮ್ಮ ಹಳೇ ರೂಟರಿನ ಕಿಂಡಿ ಬರೇ 100 ಎಂಬಿಪಿಎಸ್‌ನದ್ದಾದರೂ 20–30 ಎಂಬಿಪಿಎಸ್ ಆಟಕ್ಕೆ ಧಾರಾಳ. ನಾವು ಒಂದು ಭಾನುವಾರ ಮಧ್ಯಾಹ್ನ ಆ ಮನೆಗೆ ಹೋಗಿ, ಹಬ್ಬದ ನೇರಪ್ರಸಾರಕ್ಕೆ ತಂದು ಉಳಿದಿದ್ದ ಇಪ್ಪತ್ತು ಮೀಟರ್ ತಂತಿಯನ್ನು ಮೆಟ್ಟಿಲ ಬದಿಯಿಂದ ಎಳೆದೆವು. ಸಂಜೆ ಏಳಕ್ಕೆ ತಂಗಿ ಪಾಠ ಹಾಕಿದಳು, ಅಣ್ಣ ಆಟ ಹಾಕಿದ. ಹುಲ್ಲು ಹುಲ್ಲಿನ ಹಾಗೆ ಕಂಡಿತು, ಕುದುರೆ ಕುದುರೆಯ ಹಾಗೆ ಓಡಿತು. ಪಾಠವೂ ನಿಲ್ಲಲಿಲ್ಲ.

ಅವನ ಅಪ್ಪ ಒಂದೇ ಮಾತು ಕೇಳಿದರು: "ಇದನ್ನು ಮೊದಲೇ ಹೇಳಬಹುದಿತ್ತಲ್ಲ ಮಕ್ಕಳೇ?" ನಮ್ಮಲ್ಲಿ ಉತ್ತರ ಇರಲಿಲ್ಲ.

ತಂತಿ ಎಳೆಯಲಾಗದ ಮನೆಗಳೂ ಇವೆ. ಅವರು ರೂಟರನ್ನೇ ಕಂಪ್ಯೂಟರಿನ ಹತ್ತಿರ ತರಬಹುದೇ ನೋಡಲಿ. ಕೈಸಾಧನವನ್ನು 2.4 ಗಿಗಾಹರ್ಟ್ಸ್ ಬಿಟ್ಟು 5 ಗಿಗಾಹರ್ಟ್ಸ್‌ಗೆ ಜೋಡಿಸಲಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ, 1, 6 ಮತ್ತು 11. ಅಕ್ಕಪಕ್ಕದ ಮನೆಯವರು, ಮೈಕ್ರೋವೇವ್ ಒಲೆ, ನಿಮ್ಮ ಕಿವಿಯಲ್ಲಿರುವ ಬ್ಲೂಟೂತ್, ಎಲ್ಲವೂ ಅಲ್ಲೇ ಗುಂಪುಗೂಡಿರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ನಮ್ಮ ಕಡೆಯ ದಪ್ಪ ಮುರಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಅದಕ್ಕೆ ಉಬ್ಬಸ ಬರುತ್ತದೆ. ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ ಇಟ್ಟು ಸಿಗ್ನಲ್ ಇಲ್ಲ ಎಂದು ಅಳಬೇಡಿ. ಸಿಗ್ನಲ್ ಹೆಚ್ಚಿಸುತ್ತದೆಂದು ಅಗ್ಗದ ರಿಪೀಟರ್ ತಂದು ಸಿಕ್ಕಿಸಬೇಡಿ. ಅದು ಕೇಳಿದ್ದನ್ನೇ ಅದೇ ಚಾನೆಲಿನಲ್ಲಿ ಮತ್ತೊಮ್ಮೆ ಹೇಳುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ.

ಒಂದು ಎಚ್ಚರಿಕೆ. ತಂತಿ ಮನೆಯೊಳಗೇ ಇರಲಿ. ಅಂಗಳ ದಾಟಿಸಿ ಇನ್ನೊಂದು ಮನೆಗೆ ಎಳೆಯಬೇಡಿ. ನಮ್ಮೂರ ಗುಡುಗು ಸಿಡಿಲು ನಿಮಗೆ ಗೊತ್ತೇ ಇದೆ. ಸಿಡಿಲಿನ ಹೊತ್ತಿಗೆ ಕರೆಂಟಿನ ಪ್ಲಗ್ಗಿನ ಜೊತೆ ಈ ತಂತಿಯನ್ನೂ ಕಿತ್ತಿಡಿ.

ಬಿಟ್‌ರೇಟ್ ಏರಿಸಿದರೆ ಮೋಕ್ಷವಿಲ್ಲ

ಎರಡನೇ ಸುಳ್ಳು ವಿಡಿಯೋ ಮಾಡುವವರದ್ದು. "ಬಿಟ್‌ರೇಟ್ ಪೂರ್ತಿ ಬಲಕ್ಕೆ ಎಳೆಯಿರಿ, ಚಿತ್ರ ಗಾಜಿನಂತೆ ಕಾಣುತ್ತದೆ" ಅನ್ನುತ್ತಾರೆ. ನಮ್ಮ ಹುಡುಗರು ಅದನ್ನೇ ನಂಬಿ 100ಕ್ಕೆ, 150ಕ್ಕೆ ಏರಿಸುತ್ತಾರೆ. ಗಾಳಿಯ ದಾರಿ 60ನ್ನು ಮಾತ್ರ ಹೊರಬಲ್ಲದಾದರೆ ಉಳಿದದ್ದು ದಾರಿಯಲ್ಲೇ ಬೀಳುತ್ತದೆ. ಬಿದ್ದ ತುಂಡುಗಳೇ ಆ ಚೌಕಗಳು, ಆ ತಡವರಿಕೆ. ಹೆಚ್ಚು ಕೇಳಿ ಕಡಿಮೆ ಪಡೆಯುವ ಕೆಲಸ ಅದು.

ಮೂನ್‌ಲೈಟ್ ಎಂಬ ಉಚಿತ ಆ್ಯಪ್ 1080ಪಿ, 60 ಚಿತ್ರಕ್ಕೆ ತಾನಾಗಿ ಇಡುವ ಮಟ್ಟ 20 ಎಂಬಿಪಿಎಸ್. ಅಲ್ಲಿಂದ ಶುರುಮಾಡಿ. ಐದೈದು ಏರಿಸುತ್ತಾ ಹೋಗಿ. ಚಿತ್ರ ತಡವರಿಸಿದ ಕಡೆ ನಿಂತು ಒಂದು ಮೆಟ್ಟಿಲು ಕೆಳಗಿಳಿಯಿರಿ. ಅದೇ ನಿಮ್ಮ ಮನೆಯ ಮಟ್ಟ. ಪಕ್ಕದ ಮನೆಯವನ ಮಟ್ಟ ನಿಮಗೆ ಬೇಡ.

ಅದೇ ಆ್ಯಪಿನಲ್ಲಿ ಅಂಕಿಅಂಶ ತೋರಿಸುವ ಒಂದು ಆಯ್ಕೆ ಇದೆ. ನೆಟ್‌ವರ್ಕಿನಲ್ಲಿ ಎಷ್ಟು ಚಿತ್ರ ಬಿದ್ದುಹೋಯಿತು, ಬಿಡಿಸಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಪರದೆಯ ಮೂಲೆಯಲ್ಲೇ ಬರೆದು ತೋರಿಸುತ್ತದೆ. ಅದನ್ನು ನೋಡದೆ "ತಂಗಿಯಿಂದಾಗಿ" ಅನ್ನುವುದು, ಕಳ್ಳತನ ಆಯಿತೋ ಇಲ್ಲವೋ ನೋಡದೆ ಕೆಲಸದವನನ್ನು ಹಿಡಿದು ಹೊಡೆದ ಹಾಗೆ. ಅಳೆದು ಮಾತಾಡಿ.

ಬಿಟ್‌ರೇಟಿಗಿಂತ ಕೋಡೆಕ್ ದೊಡ್ಡದು. ಎಚ್.264 ಬಂದದ್ದು 2003ರಲ್ಲಿ. ಎಚ್‌ಇವಿಸಿ ಬಂದದ್ದು 2013ರಲ್ಲಿ. ಅಷ್ಟೇ ಬಿಟ್‌ನಲ್ಲಿ ಎಚ್‌ಇವಿಸಿ ಹೆಚ್ಚು ಸ್ಪಷ್ಟ ಚಿತ್ರ ಕೊಡುತ್ತದೆ. 2018ರ ಎವಿ1 ಇನ್ನೂ ಮುಂದೆ ಹೋಗಿದೆ, ಆದರೆ ಕಂಪ್ಯೂಟರಿನಲ್ಲಿ ಅದನ್ನು ಹಿಂಡಲು 2022ರಿಂದೀಚೆಯ ಗ್ರಾಫಿಕ್ಸ್ ಕಾರ್ಡು ಬೇಕು. ಎಚ್‌ಇವಿಸಿ ನಿಮ್ಮ ಹತ್ತಿರ ಈಗಲೇ ಇರಬಹುದು. ಸೆಟ್ಟಿಂಗಿನಲ್ಲಿ ಒಂದು ಗೆರೆ ಬದಲಿಸಿದರೆ ಮುಗಿಯಿತು. ಒಂದು ರೂಪಾಯಿ ಖರ್ಚಿಲ್ಲ. ಕತ್ತಲೆಯ ದೃಶ್ಯಗಳಲ್ಲಿ ಆಕಾಶ ಪಟ್ಟಿ ಪಟ್ಟಿಯಾಗಿ ಕಂಡರೆ, ಸಾಧನ ಒಪ್ಪುವುದಾದರೆ 10 ಬಿಟ್ ಆಯ್ಕೆ ಹಾಕಿ ನೋಡಿ.

ಹಿಂಡುವ ಯಂತ್ರಕ್ಕೂ ಸ್ವಲ್ಪ ದಯೆ ತೋರಿಸಿ. ಮಳೆ, ಹುಲ್ಲು, ಎಲೆ, ಹೊಗೆ, ಇವು ಹಿಂಡಲು ಕಷ್ಟ, ಯಾಕೆಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಲ್ಲ ಚುಕ್ಕೆಗಳೂ ಬದಲಾಗುತ್ತವೆ. ಆಟದ ಸೆಟ್ಟಿಂಗಿನಲ್ಲಿ ಫಿಲ್ಮ್ ಗ್ರೇನ್ ಎಂಬುದೊಂದು ಇರುತ್ತದೆ. ಸಿನಿಮಾದ ಹಾಗೆ ಕಾಣಲಿ ಎಂದು ಬೇಕೆಂದೇ ಎರಚುವ ಮರಳು ಅದು. ಅದನ್ನು ಆರಿಸಿ. ಆ ಮರಳನ್ನು ಹೊರಲು ಖರ್ಚಾಗುತ್ತಿದ್ದ ಬಿಟ್‌ಗಳು ಮುಖಕ್ಕೆ, ಅಕ್ಷರಕ್ಕೆ ಸಿಗುತ್ತವೆ. ಆಟವನ್ನು 60ಕ್ಕೆ ಮಿತಿಗೊಳಿಸಿ. ಗ್ರಾಫಿಕ್ಸ್ ಕಾರ್ಡು ನೂರಕ್ಕೆ ನೂರು ಆಟದಲ್ಲೇ ಮುಳುಗಿದ್ದರೆ ಚಿತ್ರ ಹಿಡಿದು ಕಳಿಸುವ ಕೆಲಸಕ್ಕೆ ಅದಕ್ಕೆ ಉಸಿರು ಉಳಿಯುವುದಿಲ್ಲ.

ಅಳತೆ ಹೊಂದಿಸದೆ ಕನ್ನಡಕ ಬದಲಿಸಬೇಡಿ

ತಂತಿ ಎಳೆದ ಮೇಲೂ ಆ ಹುಡುಗನ ಪರದೆಯಲ್ಲಿ ಅಕ್ಷರಗಳು ಸ್ವಲ್ಪ ಮಸುಕಾಗಿಯೇ ಇದ್ದವು. ಅವನು, "ಡೆಕ್ಕಿನ ಪರದೆಯೇ ಕಳಪೆ, ಓಲೆಡ್‌ದು ತೆಗೋಬೇಕು" ಅನ್ನಲು ಶುರುಮಾಡಿದ್ದ. 2023ರ ನವೆಂಬರಿನಲ್ಲಿ ಬಂದ ಓಲೆಡ್ ಮಾದರಿಯ ಬಣ್ಣ ಚೆನ್ನಾಗಿದೆ, ಒಪ್ಪಿದೆವು. ಆದರೆ ಅದರ ಪರದೆಯೂ 1280×800ರದ್ದೇ. ಮಸುಕಿಗೆ ಕಾರಣ ಬೇರೆ.

ಮಾಳಿಗೆಯ ಮಾನಿಟರ್ 1920×1080, ಅಂದರೆ 16:9. ಕೈಸಾಧನ 16:10. ಒಂದು ಅಳತೆಯ ಚಿತ್ರವನ್ನು ಇನ್ನೊಂದು ಅಳತೆಗೆ ಒತ್ತಿ ಕೂರಿಸುವಾಗ ಚುಕ್ಕೆಗೆ ಚುಕ್ಕೆ ಹೊಂದುವುದಿಲ್ಲ. ಎಂಟರ ಕಾಲನ್ನು ಏಳರ ಚಪ್ಪಲಿಗೆ ತುರುಕಿದ ಹಾಗೆ. ಆಟದ ರೆಸಲ್ಯೂಶನ್ನನ್ನೂ ಕಳಿಸುವ ರೆಸಲ್ಯೂಶನ್ನನ್ನೂ 1280×800ಕ್ಕೆ ಹೊಂದಿಸಿದರೆ ಅರ್ಧ ಮಸುಕು ಹೋಯಿತು. ಮಾನಿಟರ್ ಆ ಅಳತೆಗೆ ಒಪ್ಪದಿದ್ದರೆ ಕಂಪ್ಯೂಟರಿನಲ್ಲಿ ಇಲ್ಲದ ಪರದೆಯೊಂದನ್ನು ಇದೆಯೆಂದು ತೋರಿಸುವ ತಂತ್ರಾಂಶಗಳಿವೆ.

ಉಳಿದ ಅರ್ಧ ಬಣ್ಣದ್ದು. ವಿಡಿಯೋ ಹಿಂಡುವಾಗ ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಮಾತ್ರ ಇಡುವ ರೂಢಿ ಇದೆ. ಇದನ್ನೇ 4:2:0 ಅನ್ನುವುದು. ಸಿನಿಮಾದಲ್ಲಿ ಕಣ್ಣಿಗೆ ಗೊತ್ತಾಗದು. ಆಟದಲ್ಲಿ ಕಪ್ಪಿನ ಮೇಲೆ ಕೆಂಪು ಸಣ್ಣ ಅಕ್ಷರ ಬಂದರೆ ಕೂಡಲೇ ಗೊತ್ತಾಗುತ್ತದೆ, ಅಂಚು ಕದಡಿ ಹೋಗುತ್ತದೆ. ಕಂಪ್ಯೂಟರಿಗೆ ತ್ರಾಣವಿದ್ದರೆ ಎರಡು ಪಟ್ಟು, ಅಂದರೆ 2560×1600ರಲ್ಲಿ ಕಳಿಸಿ. ಸಾಧನ ಅದನ್ನು ಇಳಿಸಿ ತೋರಿಸುವಾಗ ಪರದೆಯ ಪ್ರತಿ ಚುಕ್ಕೆಗೂ ಅದರದ್ದೇ ಬಣ್ಣ ಸಿಗುತ್ತದೆ. ಹೊಸ ಸಾಧನದ ಮಾತು ಅಲ್ಲಿಗೇ ನಿಂತಿತು.

ಎದುರಾಡುವವರಿಗೆ

"ಹಾಗಾದರೆ ಹೊಸ ರೂಟರ್ ಯಾರಿಗೂ ಬೇಡವೇ?" ಎಂದು ಕೇಳುವಿರಿ. ಬೇಕು, ಕೆಲವರಿಗೆ. ಹಳೆಯದರಲ್ಲಿ 5 ಗಿಗಾಹರ್ಟ್ಸ್ ಇಲ್ಲವೇ ಇಲ್ಲವೆಂದಾದರೆ ಬೇಕು. ಕಂಪ್ಯೂಟರಿನ ಗ್ರಾಫಿಕ್ಸ್ ತೀರಾ ಹಳೆಯದಾಗಿ ವಿಡಿಯೋ ಹಿಂಡುವ ಭಾಗವೇ ಇಲ್ಲದಿದ್ದರೆ ಅದಕ್ಕೂ ಖರ್ಚು ಬರಬಹುದು. ಅಂಗಡಿಯವರೆಲ್ಲ ಮೋಸಗಾರರು ಅಂತ ನಾವು ಹೇಳುವುದಿಲ್ಲ. ಖರ್ಚು ಕೊನೆಯ ಮೆಟ್ಟಿಲಾಗಲಿ, ಮೊದಲನೆಯದಾಗದಿರಲಿ ಅಂತ ಮಾತ್ರ ನಮ್ಮ ಹಟ.

ದುಡ್ಡು ಕೊಟ್ಟು ತಂದದ್ದು ಶಾಶ್ವತವೂ ಅಲ್ಲ. ಟಿವಿಗೆ ಆಟ ಕಳಿಸಲೆಂದು 2015ರಲ್ಲಿ ಬಂದ ಸ್ಟೀಮ್ ಲಿಂಕ್ ಪೆಟ್ಟಿಗೆಯ ತಯಾರಿ 2018ಕ್ಕೆ ನಿಂತಿತು. ಎನ್‌ವಿಡಿಯಾ ಕಂಪನಿ ತನ್ನ ಗೇಮ್‌ಸ್ಟ್ರೀಮ್ ಸೌಲಭ್ಯವನ್ನು ಮುಚ್ಚುವುದಾಗಿ 2022ರ ಡಿಸೆಂಬರಿನಲ್ಲಿ ಹೇಳಿತು. ಆಗ ಜನರ ಕೈಹಿಡಿದದ್ದು ಸನ್‌ಶೈನ್ ಮತ್ತು ಮೂನ್‌ಲೈಟ್, ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಮೂನ್‌ಲೈಟ್ ಶುರುವಾದದ್ದು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಹ್ಯಾಕಥಾನಿನಲ್ಲಿ ಕೈಹಾಕಿದ ಕೆಲಸವಾಗಿ. ನಮ್ಮ ವಯಸ್ಸಿನವರು ಮಾಡಿ ಹಂಚಿದ್ದನ್ನು ನಾವು ಇನ್‌ಸ್ಟಾಲ್ ಮಾಡುತ್ತೇವೆ. ಅದರ ಸೆಟ್ಟಿಂಗ್ ಪುಟವನ್ನು ಓದಲು ಮಾತ್ರ ನಮಗೆ ಪುರುಸೊತ್ತಿಲ್ಲ.

"ಆಟವೇ ಬೇಡ, ಇಷ್ಟೆಲ್ಲ ರಗಳೆ ಯಾಕೆ?" ಎಂದು ಕೆಲವು ಹಿರಿಯರು ಕೇಳಿದ್ದಾರೆ. ಎಷ್ಟು ಹೊತ್ತು ಆಡಬೇಕೆಂಬುದು ನಿಮ್ಮ ಮನೆಯ ತೀರ್ಮಾನ, ಅದಕ್ಕೆ ನಾವು ಕೈಹಾಕುವುದಿಲ್ಲ. ಆದರೆ ಒಂದು ವಿನಂತಿ. ಮನೆಯಲ್ಲಿ ಸಾಧನ ಇದೆ, ಆಟ ನಡೆಯುತ್ತಿದೆ, ಅದಕ್ಕಾಗಿ ಮಗಳ ಪಾಠಕ್ಕೆ ಬೀಗ ಬಿದ್ದಿದೆ ಎಂದಾದರೆ, ಆ ಬೀಗ ಹಾಕಿದವರು ಹುಡುಗನಷ್ಟೇ ಅಲ್ಲ. "ಹೌದು ಮಗಾ, ಅಣ್ಣ ಆಡಿ ಮುಗಿಸಲಿ" ಅಂದವರೂ ಇದ್ದಾರೆ. ಹುಡುಗಿಯ ಓದು ಕಾಯಬಹುದು, ಹುಡುಗನ ಆಟ ಕಾಯಲಾರದು ಎಂಬುದು ವೈಫೈ ದೋಷವಲ್ಲ. ಅದಕ್ಕೆ ಇಪ್ಪತ್ತು ಮೀಟರ್ ತಂತಿ ಸಾಲದು.

ಹುಡುಗರೇ, ನಿಮಗೂ ಒಂದು ಮಾತು. ಈ ವಿಷಯ ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ, ಮಲಯಾಳದಲ್ಲೂ ಇದೆ, ಕನ್ನಡದಲ್ಲಿ ಸಿಗುವುದು ಕಷ್ಟ. ನಮ್ಮ ಕಡೆಯ ಅಪ್ಪ ಅಮ್ಮಂದಿರು ಓದಿ ತಿಳಿಯುವುದು ಕನ್ನಡದಲ್ಲಿ. ಅವರಿಗೆ ಅರ್ಥವಾಗದ ಮಾತಿನಲ್ಲಿ ಹೆದರಿಸಿ ದುಡ್ಡು ಕೇಳುವುದು ಸುಲಭ. ಹಾಗೆ ಮಾಡಬೇಡಿ. ಈ ಪುಟವನ್ನು ಅವರಿಗೂ ಓದಿಸಿ.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಚಿತ್ರ ಕೆಡುತ್ತಿದೆ ಎಂದು ಯಾವುದೇ ಮನೆಯವರು ಹೊಸದು ಕೊಳ್ಳುವ ಮೊದಲು ಘಟಕದ ಯಾರಿಗಾದರೂ ಹೇಳಿ. ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರು ಬರುತ್ತೇವೆ, ಆ ಇಪ್ಪತ್ತು ಮೀಟರ್ ತಂತಿ ಹಿಡಿದುಕೊಂಡೇ ಬರುತ್ತೇವೆ. ಒಂದು ಗಂಟೆ ಅಳೆದು ನೋಡೋಣ. ತಂತಿಯಿಂದ ಸರಿಹೋದರೆ ಅಷ್ಟೇ ಉದ್ದದ್ದು ನೀವು ಕೊಂಡುಕೊಳ್ಳಿ, ನಮ್ಮದನ್ನು ಹಿಂದೆ ಕೊಡಿ. ಒಂದು ಲೋಟ ಚಾಯ ಸಾಕು.

ಆ ಮನೆಯ ತಂಗಿಗೆ ನಾವು ಎದುರು ಕೂತು ಕ್ಷಮೆ ಕೇಳಿದ್ದೇವೆ. "ಪರವಾಗಿಲ್ಲಣ್ಣ" ಅಂದಳು. ಪರವಾಗಿಲ್ಲದ್ದೇನಲ್ಲ ಅದು. ಎರಡು ತಿಂಗಳ ಸಂಜೆಗಳು ಅವಳಿಗೆ ಹಿಂದೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಕಾನೂನು ಇದ್ದರೆ ಇವತ್ತೇ ತೆಗೆದುಹಾಕಿ, ಚಿತ್ರ ಸರಿಯಾಗುವವರೆಗೆ ಕಾಯಬೇಡಿ.

ನಿಮ್ಮ
ಯುವ ಬಳಗ